ಬೀಜದ ಚೀಲಕ್ಕಿರುವ ನಿಯಮ ಗ್ರಾಫಿಕ್ಸ್ ಕಾರ್ಡಿಗೇಕಿಲ್ಲ?

ಬೆಟ್ಟದಪುರದ ಕಡೆಯ ರೈತರೊಬ್ಬರು ಈಚೆಗೆ ನನ್ನ ಮನೆಗೆ ಬಂದು ಕುಳಿತರು. ಶುಂಠಿಯ ಕೊಳೆರೋಗದ ಬಗ್ಗೆ ಕೇಳುವರೆಂದು ಭಾವಿಸಿದ್ದೆ. “ಸಾರ್, ಹೋದ ವರ್ಷ ಹೊಗೆಸೊಪ್ಪಿನ ದುಡ್ಡಲ್ಲಿ ಮಗನ ಕಂಪ್ಯೂಟರ್‌ಗೆ ಅದೇನೋ ಕಾರ್ಡ್ ಹಾಕಿಸ್ಕೊಟ್ಟೆ. ಈ ವರ್ಷ ಸೊಪ್ಪು ಹರಾಜಿಗೆ ಹೋಗೋ ಮುಂಚೇನೇ ಇನ್ನೊಂದು ಬೇಕು ಅಂತಾನೆ. ಅದೇನು ವರ್ಷ ವರ್ಷ ಹಾಕೋ ಗೊಬ್ಬರವಾ?” ಎಂದರು. ನಗು ಬಂದರೂ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಈ ವಿಷಯವನ್ನು ಬಳಗದ ಸಭೆಯಲ್ಲಿ ಎತ್ತಿದಾಗ ಕೆಲವು ಹಿರಿಯ ಮಿತ್ರರು, “ಆಟಕ್ಕೆಂದು ಹಣ ಸುರಿಯುವುದೇ ತಪ್ಪು, ಬೇಡವೆಂದು ಹೇಳಿಬಿಡಿ” ಎಂದರು. ಈ ಉತ್ತರವನ್ನು ನಾನು ಒಪ್ಪಲಾರೆ. ಕಾಲೇಜಿಗೆ ಹೋಗುವ ಹುಡುಗ ಸಂಜೆ ಎರಡು ಗಂಟೆ ಆಡಿದರೆ ಕಾಡೇನೂ ನಾಶವಾಗದು. ಐದಾರು ವರ್ಷ ಬಾಳಬೇಕಾದ ವಸ್ತುವನ್ನು ಎರಡೇ ವರ್ಷಕ್ಕೆ ಬಿಸಾಡುವಂತೆ ಮಾಡುವ ವ್ಯಾಪಾರದ ಮೇಲೆ ನಮ್ಮ ಸಿಟ್ಟು ತಿರುಗಬೇಕು. ಹುಡುಗನನ್ನು ಗದರಿಸಿದರೆ ಆ ವ್ಯಾಪಾರಕ್ಕೆ ಎಳ್ಳಷ್ಟೂ ನೋವಾಗದು.

ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಲೆಕ್ಕಕ್ಕೆ ಸಿಕ್ಕಿ ಮರುಬಳಕೆಯಾದದ್ದು ಶೇ. 22.3 ಮಾತ್ರ. ಗ್ರಾಫಿಕ್ಸ್ ಕಾರ್ಡೆಂಬುದು ಪರದೆಯ ಚಿತ್ರವನ್ನು ಲೆಕ್ಕ ಹಾಕಿ ಮೂಡಿಸುವ ಒಂದು ಹಲಗೆ. ಅದರಲ್ಲಿ ತಾಮ್ರವಿದೆ, ತವರವಿದೆ, ಅಂಚಿನ ಹಲ್ಲುಗಳಿಗೆ ಚಿನ್ನದ ಲೇಪವಿದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿನ ಸಯನೈಡ್ ದಿಬ್ಬಗಳು ಇನ್ನೂ ಕರಗಿಲ್ಲ. ಚಿನ್ನ ಬಂದ ದಾರಿಯೂ ಹೀಗೆ, ಗುಜರಿಯಲ್ಲಿ ಆಸಿಡ್ಡಿಗೆ ಅದ್ದಿ ಅದನ್ನು ಮರಳಿ ತೆಗೆಯುವ ದಾರಿಯೂ ಹೀಗೆ. ಆದ್ದರಿಂದ ಕೊಂಡ ಕಾರ್ಡನ್ನು ಹೆಚ್ಚು ಕಾಲ ಬಾಳಿಸುವುದೇ ಇಲ್ಲಿ ಪರಿಸರದ ಕೆಲಸ.

ಕಾರ್ಡು ಸಾಯುವುದು ಮೂರು ಬಗೆಯಲ್ಲಿ.

ಮೊದಲನೆಯದು ಮೆಮೊರಿಯ ಬರ. ಅಂಗಡಿಯವರು ವಿ-ರ‍್ಯಾಮ್ ಎನ್ನುವ ಈ ಮೆಮೊರಿಯನ್ನು ಹಲಗೆಗೇ ಬೆಸೆದಿರುತ್ತಾರೆ, ಆಮೇಲೆ ಸೇರಿಸಲು ಬರುವುದಿಲ್ಲ. ಚಿಪ್ಪಿಗೆ ಶಕ್ತಿ ಉಳಿದಿದ್ದರೂ ಮೆಮೊರಿ ತುಂಬಿತೆಂದರೆ ಆಟ ತಡವರಿಸುತ್ತದೆ. 2016ರಲ್ಲಿ ಎನ್‌ವಿಡಿಯಾ ಕಂಪನಿಯು ಜಿಟಿಎಕ್ಸ್ 1060 ಎಂಬ ಒಂದೇ ಹೆಸರಿನಲ್ಲಿ 6 ಜಿಬಿ ಮತ್ತು 3 ಜಿಬಿಯ ಎರಡು ಕಾರ್ಡುಗಳನ್ನು ತಂದಿತು. ಎರಡನೆಯದರಲ್ಲಿ ಲೆಕ್ಕ ಮಾಡುವ ಘಟಕಗಳೂ 1280ರ ಬದಲು 1152. ಇದೇ ಚಾಳಿ ಮುಂದುವರಿದಿದೆ. 2023ರ ಆರ್‌ಟಿಎಕ್ಸ್ 4060 ಟಿಐ, 2025ರ 5060 ಟಿಐ, ಎಎಂಡಿ ಕಂಪನಿಯ ಆರ್‌ಎಕ್ಸ್ 9060 ಎಕ್ಸ್‌ಟಿ – ಇವೆಲ್ಲ ಒಂದೇ ಹೆಸರಿನಲ್ಲಿ 8 ಜಿಬಿಯಲ್ಲೂ 16 ಜಿಬಿಯಲ್ಲೂ ಬಂದವು. ಒಂದೇ ತಳಿಯ ಹೆಸರಿನಲ್ಲಿ ಎರಡು ಬಗೆಯ ಬೀಜ ಮಾರಿದರೆ ನಾವು ಸುಮ್ಮನಿರುತ್ತಿದ್ದೆವೆ?

ಎರಡನೆಯದು ಡ್ರೈವರ್ ನಿಲ್ಲುವುದು. ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ದುಭಾಷಿಯಾಗಿರುವ ತಂತ್ರಾಂಶವೇ ಡ್ರೈವರ್. ಹೊಸ ಆಟಗಳಿಗೆ ತಕ್ಕಂತೆ ಅದನ್ನು ತಿದ್ದಿಕೊಡುತ್ತಿರಬೇಕಾದವರು ತಯಾರಕರು. 1060ರ ಪೀಳಿಗೆಗೆ ಆ ತಿದ್ದುಪಡಿ 2025ರ ಅಕ್ಟೋಬರಿಗೆ ಕೊನೆಗೊಂಡಿತು. 2028ರ ಅಕ್ಟೋಬರಿನವರೆಗೆ ಸಿಗುವುದು ಭದ್ರತೆಯ ತೇಪೆ ಮಾತ್ರ. ಒಂಬತ್ತು ವರ್ಷ ಕಡಿಮೆಯಲ್ಲ, ಒಪ್ಪುತ್ತೇನೆ. ಆದರೆ 2021ರ ಕೊರತೆಯ ಕಾಲದಲ್ಲಿ ಅದೇ ಪೀಳಿಗೆಯ 1050 ಟಿಐಯನ್ನು ಮತ್ತೆ ಮಾರುಕಟ್ಟೆಗೆ ತಂದರಲ್ಲ, ಆಗ ಹೊಸದೆಂದು ಕೊಂಡವನಿಗೆ ಸಿಕ್ಕಿದ್ದು ನಾಲ್ಕೇ ವರ್ಷ. ಪೆಟ್ಟಿಗೆಯ ಮೇಲೆ ಅದನ್ನು ಯಾರೂ ಬರೆದಿರಲಿಲ್ಲ. ಅದೇ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು.

ಮೂರನೆಯ ಸಾವು ನಮ್ಮ ಮನೆಯೊಳಗಿನದು. ಕೆಂಪುಮಣ್ಣಿನ ಧೂಳು, ಬ್ಯಾರನ್ನಿನ ಹೊಗೆ, ಮಳೆಗಾಲದ ತೇವ, ಏರಿಳಿಯುವ ವೋಲ್ಟೇಜು. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ನೆರಳಿನಲ್ಲಿ ಬದುಕುವವರಿಗೆ ಗುಡುಗು ಬಂದಾಗ ಪ್ಲಗ್ ಕೀಳಬೇಕೆಂದು ಹೇಳಿಕೊಡಬೇಕಾಗಿಲ್ಲ. ಆದರೂ ಸಾವಿರಾರು ರೂಪಾಯಿಯ ಕಾರ್ಡಿಗೆ ಅಗ್ಗದ, ಹೆಸರಿಲ್ಲದ ಪವರ್ ಸಪ್ಲೈ ಜೋಡಿಸಿ, ಅರ್ಥಿಂಗ್ ಇಲ್ಲದ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುತ್ತೇವೆ.

ಇಷ್ಟು ತಿಳಿದರೆ ಆಯ್ಕೆ ಕಷ್ಟವಲ್ಲ. ಮೊದಲು ಏನು ಆಡುತ್ತೇವೆಂಬ ಪಟ್ಟಿ ಬರೆಯಿರಿ. ವ್ಯಾಲರಂಟ್‌ನಂತಹ ಆಟಕ್ಕೆ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಸಾಕಾಗಬಹುದು, ಕಾರ್ಡನ್ನೇ ಕೊಳ್ಳಬೇಕಾಗಿಲ್ಲ. ಭಾರದ ಹೊಸ ಆಟಗಳಿಗೆಂದು ಕೊಳ್ಳುವುದಾದರೆ 8 ಜಿಬಿಗಿಂತ ಕಡಿಮೆ ಬೇಡ. ಐದಾರು ವರ್ಷ ಬಾಳಿಸುವ ಮನಸ್ಸಿದ್ದರೆ 12 ಅಥವಾ 16 ಜಿಬಿಗಾಗಿ ಇನ್ನೊಂದು ಹಂಗಾಮು ಕಾಯುವುದು ಲೇಸು. ಹಾಗೆಯೇ ವಿದ್ಯುತ್ತಿನ ಲೆಕ್ಕ ನೋಡಿ. ಒಟ್ಟು 300 ವಾಟ್ ಎಳೆಯುವ ಯಂತ್ರ ದಿನಕ್ಕೆ ನಾಲ್ಕು ಗಂಟೆ ಓಡಿದರೆ ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಮೇಲೆ ಮಿತಿ ನಿಗದಿಯಾಗಿದೆ ಎಂಬುದನ್ನು ಮರೆಯದಿರಿ.

ಹಳೆಯ ಕಾರ್ಡು ಕೊಳ್ಳುವುದು ತಪ್ಪಲ್ಲ, ಅದು ಒಳ್ಳೆಯದೇ. ಆದರೆ ಚರಿತ್ರೆ ಕೇಳಿ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಡಿಜಿಟಲ್ ನಾಣ್ಯವು ಕಾರ್ಡುಗಳಿಂದ ನಡೆಯುವ ‘ಗಣಿಗಾರಿಕೆ’ಯನ್ನು ಕೈಬಿಟ್ಟಿತು, ಹಗಲಿರುಳು ದುಡಿದ ಕಾರ್ಡುಗಳು ಹಳೆಯ ಮಾಲಿನ ಮಾರುಕಟ್ಟೆಗೆ ಸುರಿದವು. ಮೂಲ ರಸೀದಿ, ಉಳಿದ ವಾರಂಟಿ ಇವೆರಡನ್ನೂ ಕೇಳಿ. ನಿಮ್ಮೆದುರೇ ಅರ್ಧ ಗಂಟೆ ಭಾರದ ಆಟ ಓಡಿಸಿ, ಪರದೆಯಲ್ಲಿ ಬಣ್ಣದ ಚುಕ್ಕಿಗಳು ಮೂಡುತ್ತವೆಯೇ ನೋಡಿ.

ಇದೆಲ್ಲ ಕೊಳ್ಳುವವನ ಎಚ್ಚರ. ಆದರೆ ಎಚ್ಚರವೆಲ್ಲ ಕೊಳ್ಳುವವನದೇ ಏಕಾಗಬೇಕು? 1966ರ ಬೀಜ ಕಾಯ್ದೆಯ ದೆಸೆಯಿಂದ ಇಂದು ಬೀಜದ ಚೀಲದ ಚೀಟಿಯಲ್ಲಿ ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನ, ಬಳಕೆಯ ಅವಧಿ ಇರುತ್ತವೆ. ಚೀಟಿ ಸುಳ್ಳಾಡಿದರೆ ದೂರಲು ಬೀಜ ನಿರೀಕ್ಷಕನಿದ್ದಾನೆ. ಒಂದು ಹಂಗಾಮಿನ ಬೀಜಕ್ಕೆ ಇಷ್ಟು ನಿಯಮವಿರುವಾಗ ಒಂದು ಹಂಗಾಮಿನ ಉಳಿತಾಯವನ್ನೇ ನುಂಗುವ ಕಾರ್ಡಿಗೆ ಏಕಿಲ್ಲ? ಐರೋಪ್ಯ ಒಕ್ಕೂಟವು ತನ್ನಲ್ಲಿ ಮಾರುವ ಸ್ಮಾರ್ಟ್‌ಫೋನುಗಳಿಗೆ ಕನಿಷ್ಠ ಐದು ವರ್ಷ ತಂತ್ರಾಂಶದ ತಿದ್ದುಪಡಿ ಕೊಡಬೇಕೆಂಬ ನಿಯಮವನ್ನು 2025ರ ಜೂನ್ 20ರಿಂದ ಜಾರಿಗೆ ತಂದಿತು. ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಜಾಲತಾಣ ತೆರೆಯಿತು. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಅವುಗಳ ಒತ್ತು ಸತ್ತ ಯಂತ್ರದ ವಿಲೇವಾರಿಯ ಮೇಲಿದೆ. ಬದುಕಿನ ಅವಧಿಯನ್ನೂ ಬರೆಸಬೇಕು.

ನಮ್ಮ ಬೇಡಿಕೆ ಮೂರು. ಡ್ರೈವರ್ ಯಾವ ವರ್ಷದವರೆಗೆ ಎಂಬುದನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಬೇಕು. ಮೆಮೊರಿ ಬೇರೆಯಾದರೆ ಹೆಸರೂ ಬೇರೆಯಾಗಬೇಕು. ಫ್ಯಾನಿನಂತಹ ಬಿಡಿಭಾಗಗಳು ಕನಿಷ್ಠ ಏಳು ವರ್ಷ ಸಿಗುವಂತಿರಬೇಕು. ಬೆಂಬಲ ನಿಲ್ಲಿಸಿದ ಮೇಲೆ ಡ್ರೈವರಿನ ಗುಟ್ಟನ್ನು ಬಿಟ್ಟುಕೊಟ್ಟರೆ ಇನ್ನೂ ಉತ್ತಮ. ಲಿನಕ್ಸ್‌ನಲ್ಲಿ ಎಎಂಡಿಯ ಡ್ರೈವರುಗಳು ಮುಕ್ತವಾಗಿರುವುದರಿಂದಲೇ ಎಷ್ಟೋ ಹಳೆಯ ಕಾರ್ಡುಗಳು ಅಲ್ಲಿ ಇನ್ನೂ ಉಸಿರಾಡುತ್ತಿವೆ. ಕೆಲವು ಆನ್‌ಲೈನ್ ಆಟಗಳು ಅಲ್ಲಿ ಓಡವು, ನಿಜ. ಆದರೂ ಬೀಜ ರೈತನ ಕೈಯಲ್ಲಿದ್ದರೆ ತಳಿ ಉಳಿಯುತ್ತದೆಂಬ ನಮ್ಮ ಹಳೆಯ ವಾದವೇ ಇಲ್ಲೂ ನಿಜವಾಗಿದೆ.

ಆ ರೈತರ ಮಗನ ಕಾರ್ಡನ್ನು ನಾವಿಬ್ಬರೂ ಕುಳಿತು ಬಿಚ್ಚಿದೆವು. ಒಳಗೆ ಬ್ಯಾರನ್ನಿನ ಮಸಿಯೂ ಧೂಳೂ ಹೆಪ್ಪುಗಟ್ಟಿದ್ದವು. ಒಂದು ಫ್ಯಾನು ನಿಂತುಹೋಗಿತ್ತು. ಬ್ರಷ್ಷಿನಿಂದ ಗುಡಿಸಿ, ಚಿಪ್ಪಿನ ಮೇಲಿನ ಒಣಗಿದ ಪೇಸ್ಟ್ ಬದಲಿಸಿ, ಕೆಲವು ನೂರು ರೂಪಾಯಿಗೆ ಬೇರೆ ಫ್ಯಾನು ಹಾಕಿಸಿದೆವು. ಅವನು ಆಡುವ ಆಟಗಳು ಈಗ ಓಡುತ್ತಿವೆ. “ಈ ವರ್ಷ ಬೇಡ ಬಿಡಿ ಸಾರ್” ಎಂದ. ಮಿತ್ರರೇ, ನಿಮ್ಮ ಮನೆಯ ಕಾರ್ಡನ್ನೂ ಗುಜರಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಹೊಸದನ್ನು ಕೊಳ್ಳಲೇಬೇಕಾಗಿ ಬಂದರೆ, “ಇದಕ್ಕೆ ಡ್ರೈವರ್ ಎಷ್ಟು ವರ್ಷ?” ಎಂದು ಅಂಗಡಿಯಲ್ಲಿ ಗಟ್ಟಿಯಾಗಿ ಕೇಳಿ. ಉತ್ತರ ಸಿಗುವವರೆಗೆ ಹಣ ಜೇಬಿನಲ್ಲೇ ಇರಲಿ.