ಸಭೆಯ ಚಿತ್ರವೂ ಸಭಿಕರ ಹೆಸರೂ

2023ನೆಯ ಇಸವಿ ಸೆಪ್ಟೆಂಬರ್ ತಿಂಗಳಲ್ಲಿ ಒಂದರ ಬೆನ್ನಿಗೆ ಒಂದು ದಿನ ಎರಡು ಸಂಗತಿಗಳು ಜರುಗಿದುವು. 18ನೆಯ ತಾರೀಖು ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಮರುದಿನ ದೆಹಲಿಯಲ್ಲಿ ಉಭಯ ಸಭೆಗಳ ಸದಸ್ಯರು ಹಳೆಯ ಪಾರ್ಲಿಮೆಂಟು ಭವನವನ್ನು ಬಿಡುವ ಮುನ್ನ ಅದರ ಅಂಗಳದಲ್ಲಿ ಸಾಲಾಗಿ ನಿಂತು ಭಾವಚಿತ್ರ ತೆಗೆಯಿಸಿಕೊಂಡರು. ಇವೆರಡಕ್ಕೂ ಏನು ಸಂಬಂಧವೆಂದು ವಾಚಕ ಮಹಾಶಯರು ಕೇಳಬಹುದು. ಸಭೆಯೊಂದನ್ನು ಚಿತ್ರದಲ್ಲಿ ಉಳಿಸುವಾಗ ಅದರೊಳಗೆ ಯಾರನ್ನು ಉಳಿಸುತ್ತೇವೆ ಎಂಬ ಪ್ರಶ್ನೆಯೇ ಆ ಸಂಬಂಧ.

ಬೇಲೂರಿನ ಚೆನ್ನಕೇಶವ ದೇವಾಲಯದ ಪೂರ್ವದ್ವಾರದ ಪಕ್ಕದ ಕಲ್ಲಿನ ಜಾಲಂಧ್ರದಲ್ಲಿ ಒಂದು ರಾಜಸಭೆಯನ್ನು ಕಡೆದಿದೆ. ವಿಷ್ಣುವರ್ಧನನ ಒಡ್ಡೋಲಗವೆಂದು ಅದನ್ನು ಬಹುಮಂದಿ ಗುರುತಿಸುತ್ತಾರೆ. 1117ರಲ್ಲಿ ಪ್ರತಿಷ್ಠೆಯಾದ ಗುಡಿಗೆ ಈ ಜಾಲಂಧ್ರಗಳು ಎರಡನೆಯ ವೀರಬಲ್ಲಾಳನ ಕಾಲದಲ್ಲಿ ಕೂಡಿದುವೆಂದು ವಿದ್ವಾಂಸರ ಅಭಿಪ್ರಾಯ. ನಡುವೆ ರಾಜನೂ ರಾಣಿಯೂ ಕುಳಿತಿದ್ದಾರೆ, ಸುತ್ತಲೂ ಪರಿವಾರ. ಯಾತ್ರಿಕರಿಗೆ ಗುಡಿ ತೋರಿಸುವವರು ರಾಜನನ್ನೂ ರಾಣಿಯನ್ನೂ ತೋರಿಸಿ ಮುಂದಕ್ಕೆ ನಡೆಯುತ್ತಾರೆ. ಉಳಿದವರು ಯಾರೆಂದು ನಾವು ಒಮ್ಮೆ ಕೇಳಿದುದಕ್ಕೆ “ಸಭೆಯವರು ಸ್ವಾಮಿ” ಎಂಬ ಉತ್ತರ ಬಂದಿತು. ಸೋಜಿಗವೆಂದರೆ, ಅದೇ ಗುಡಿಯಲ್ಲಿ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಉಳಿ ಹಿಡಿದವನ ಹೆಸರು ಒಂಬತ್ತು ಶತಮಾನ ಬಾಳಿತು. ದೊರೆಯ ಮಗ್ಗುಲಲ್ಲಿ ಕುಳಿತವನ ಹೆಸರು ಬಾಳಲಿಲ್ಲ.

ಇದರೊಡನೆ ಲಂಡನ್ನಿನ ರಾಷ್ಟ್ರೀಯ ಭಾವಚಿತ್ರಶಾಲೆಯಲ್ಲಿರುವ ಒಂದು ಪಟವನ್ನು ಹೋಲಿಸಿ ನೋಡೋಣ. 1832ರ ಸುಧಾರಣಾ ಶಾಸನವಾದ ಮೇಲೆ ಹೊಸದಾಗಿ ಚುನಾಯಿತವಾದ ಕಾಮನ್ಸ್ ಸಭೆಯು 1833ನೆಯ ಫೆಬ್ರವರಿ 5ರಂದು ದೊರೆಯ ಭಾಷಣಕ್ಕೆ ಉತ್ತರ ಕೊಡುವ ವಿಷಯದಲ್ಲಿ ಚರ್ಚೆಗೆ ಕೂಡಿದುದನ್ನು ಜಾರ್ಜ್ ಹೇಟರ್ ಎಂಬ ಚಿತ್ರಕಾರನು ಬರೆದನು. ಅದನ್ನು ಬರೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಎದುರಿಗೆ ಕೂರಿಸಿಕೊಂಡು ಮುಖಗಳನ್ನು ಬಿಡಿಬಿಡಿಯಾಗಿ ಬರೆದು ದೊಡ್ಡ ಪಟಕ್ಕೆ ಇಳಿಸಿದನು. ಅದರಲ್ಲಿ ಸುಮಾರು 375 ಮುಖಗಳಿವೆ. ಮುಗಿಯಲು ಹತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ, 1834ರ ಅಕ್ಟೋಬರಿನಲ್ಲಿ, ಆ ಸಭಾಗೃಹವೇ ಬೆಂಕಿಗೆ ಆಹುತಿಯಾಗಿತ್ತು. ಕೊಳ್ಳುವವರೂ ಸಿಕ್ಕಲಿಲ್ಲ. 1858ರಲ್ಲಿ ಅದನ್ನು ಕೊಂಡವರು ಟೋರಿ ಪಕ್ಷದ ಸರ್ಕಾರದವರು, ಎಂದರೆ ಯಾವ ಸುಧಾರಣೆಯ ಸ್ಮಾರಕವಾಗಿ ಪಟವು ಹುಟ್ಟಿತೋ ಅದನ್ನೇ ಪ್ರತಿಭಟಿಸಿದ್ದ ಪಕ್ಷದವರು!

ಆ ಪಟವನ್ನು ಹೊಗಳುವುದಕ್ಕೆ ನಾವು ಹೊರಟಿಲ್ಲ. ಅದೇ ವರ್ಷ ಅದೇ ಪಾರ್ಲಿಮೆಂಟು ಈಸ್ಟ್ ಇಂಡಿಯಾ ಕಂಪನಿಯ ಸನ್ನದನ್ನು ಇನ್ನೂ ಇಪ್ಪತ್ತು ವರ್ಷಕ್ಕೆ ಮುಂದುವರಿಸಿತು. ನಾವು ಆರಿಸಿ ಕಳುಹಿಸಿದವನು ಅಲ್ಲಿ ಒಬ್ಬನೂ ಇರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರವರ ಕೈಯಿಂದ 1831ರಲ್ಲಿಯೇ ಆಡಳಿತವನ್ನು ಕಿತ್ತುಕೊಂಡು ಮೈಸೂರನ್ನು ಕಮಿಷನರುಗಳ ವಶಕ್ಕೆ ಒಪ್ಪಿಸಿಯಾಗಿತ್ತು. ಸುಧಾರಣೆಯ ತರುವಾಯವೂ ಇಂಗ್ಲೆಂಡಿನಲ್ಲಿ ಗಂಡಸರೊಳಗೆ ಅಲ್ಪಭಾಗಕ್ಕೆ ಮಾತ್ರ ಮತವಿತ್ತು, ಹೆಂಗಸರಿಗೆ ಇರಲೇ ಇಲ್ಲ. ಆದರೂ ಆ ಪಟದಲ್ಲಿ ಒಂದು ಗುಣವನ್ನು ಒಪ್ಪಬೇಕು. ಅದರಲ್ಲಿ ಸಿಂಹಾಸನವಿಲ್ಲ, ದೊರೆಯಿಲ್ಲ. ಇರುವವರಲ್ಲಿ ಬಹುಮಂದಿ ಸಭಿಕರು, ಒಬ್ಬೊಬ್ಬನಿಗೂ ತನ್ನದೇ ಮುಖವಿದೆ, ಆ ಮುಖಕ್ಕೆ ಒಂದು ಹೆಸರಿದೆ. ಯಾವ ಊರಿನವನು ತನ್ನ ಊರಿನ ಪರವಾಗಿ ಅಲ್ಲಿ ಕುಳಿತಿದ್ದನೆಂದು ಬೆರಳಿಟ್ಟು ತೋರಿಸಬಹುದು.

ನಮ್ಮಲ್ಲಿಯೂ ಅಂಥ ದಿನವೊಂದಿತ್ತು. ದಿವಾನ್ ರಂಗಾಚಾರ್ಲುರವರು ಏರ್ಪಡಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆಯು 1881ನೆಯ ಅಕ್ಟೋಬರ್ 7ರಂದು ದಸರೆಯ ಸಂದರ್ಭದಲ್ಲಿ ಮೊದಲ ಬಾರಿಗೆ ಸೇರಿತು. ಬಂದವರು 144 ಮಂದಿ. ತಾಲ್ಲೂಕುಗಳ ಹಿಡುವಳಿದಾರ ರೈತರು, ಜಿಲ್ಲೆಗಳ ವರ್ತಕರು. ಹಾಸನದ ಸೀಮೆಗೆ ಆಗ ರೈಲು ಬಂದಿರಲಿಲ್ಲ. ಮಳೆಗಾಲದ ಕೊನೆಯ ಕೆಸರಿನಲ್ಲಿ ದಾರಿ ಸವೆಯಿಸಿ ಮೈಸೂರನ್ನು ಮುಟ್ಟಿದವರು ಅವರು. ಚುನಾವಣೆಯಿಂದ ಬಂದವರಲ್ಲ; ಆ ಕ್ರಮ ಬಂದದ್ದು 1891ರಲ್ಲಿ. ಆಯವ್ಯಯದ ಮೇಲೆ ಮತ ಹಾಕುವ ಅಧಿಕಾರ ಅವರಿಗಿರಲಿಲ್ಲ. ದಿವಾನರ ವರದಿಯನ್ನು ಕೇಳುವುದು, ತಮ್ಮ ಕಡೆಯ ಕಷ್ಟಗಳನ್ನು ಅರಿಕೆ ಮಾಡಿಕೊಳ್ಳುವುದು, ಅಷ್ಟೆ. ಅದನ್ನು ಅಣಕಿಸಿದವರೂ ಉಂಟು. ಆದರೆ ಸಾಮಾನ್ಯ ರೈತನೊಬ್ಬನು ದಿವಾನರ ಎದುರಿಗೆ ಎದ್ದು ನಿಂತು ತನ್ನ ತಾಲ್ಲೂಕಿನ ಮಾತನ್ನಾಡುವ ಪದ್ಧತಿ ಅಂದು ಆರಂಭವಾಗಿ, 1949ರಲ್ಲಿ ಸಭೆಯು ವಿಸರ್ಜನೆಯಾಗುವ ತನಕ ನಡೆಯಿತು. ರಂಗಾಚಾರ್ಲುರವರ ಹೆಸರಿನ ಪುರಭವನ ಮೈಸೂರಿನಲ್ಲಿದೆ, ಅದು ಯುಕ್ತವೇ. ಆ 144 ಮಂದಿ ಮಾತ್ರ ಬೇಲೂರಿನ ಕಲ್ಲಿನಲ್ಲಿರುವಂತೆ ಬರಿಯ “ಸಭೆಯವರು” ಆಗಿ ಉಳಿದಿದ್ದಾರೆ.

ಅರಸೀಕೆರೆಯಲ್ಲಿ 1220ರಲ್ಲಿ ಕಟ್ಟಿದ ಈಶ್ವರ ದೇವಾಲಯವನ್ನು ನೋಡದವರು ಒಮ್ಮೆ ನೋಡಬೇಕು. ಯುನೆಸ್ಕೋದ ಪಟ್ಟಿಗೆ ಅದು ಸೇರಲಿಲ್ಲವೆಂಬ ಅಸಮಾಧಾನ ನಮಗಿದೆ. ಅದನ್ನು ಬೇರೆ ದಿನ ಬರೆಯುತ್ತೇವೆ. ಅದರ ಮುಂದಿನ ನಕ್ಷತ್ರಾಕಾರದ ತೆರೆದ ಮಂಟಪದಲ್ಲಿ ಸುತ್ತಲೂ ಕಲ್ಲಿನ ಜಗಲಿಯಿದೆ. ಅಲ್ಲಿ ಕುಳಿತವರಿಗೆಲ್ಲ ಪರಸ್ಪರ ಮುಖ ಕಾಣುತ್ತದೆ. ಯಾರ ಆಸನವೂ ಇನ್ನೊಬ್ಬರದಕ್ಕಿಂತ ಎತ್ತರವಿಲ್ಲ.

ಹೊಸದಾಗಿ ಪಟ ಬರೆಯಿಸಲು ಮುಖಗಳು ಬೇಕು, ಹಣವೂ ಬೇಕು. ನಾವು ಅಷ್ಟನ್ನು ಬೇಡುವುದಿಲ್ಲ. ತಾಲ್ಲೂಕು ಕಛೇರಿಗಳಿಗೆ ಹೋದವರು ತಹಸೀಲ್ದಾರರ ಕೊಠಡಿಯಲ್ಲಿ ಒಂದು ಹಲಗೆಯನ್ನು ಕಂಡಿರುತ್ತಾರೆ. ಅಲ್ಲಿ ಅಧಿಕಾರ ನಡೆಸಿದವರೆಲ್ಲರ ಹೆಸರು, ಬಂದ ತಾರೀಖು, ಹೋದ ತಾರೀಖು ಕ್ರಮವಾಗಿ ಬರೆದಿರುತ್ತದೆ. ಆರು ತಿಂಗಳಿದ್ದು ವರ್ಗವಾಗಿ ಹೋದವರಿಗೂ ಅದರಲ್ಲಿ ಒಂದು ಸಾಲುಂಟು. ಆ ತಾಲ್ಲೂಕಿನ ಪರವಾಗಿ ಮೈಸೂರಿಗೆ ಹೋಗಿ ಮಾತನಾಡಿ ಬಂದವರಿಗೆ ಒಂದು ಸಾಲೂ ಇಲ್ಲ. ಸಭೆಯ ನಡವಳಿಗಳು ಅಂದಂದೇ ಮುದ್ರಿತವಾದುವು. ರಾಜ್ಯ ಪತ್ರಾಗಾರದ ಅಧಿಕಾರಿಗಳು ಅವನ್ನೂ ಹಳೆಯ ಗ್ಯಾಜೆಟ್ಟುಗಳನ್ನೂ ಶೋಧಿಸಿ 1881ರಿಂದ 1949ರವರೆಗಿನ ಪ್ರತಿನಿಧಿಗಳ ಹೆಸರುಗಳನ್ನು ತಾಲ್ಲೂಕುವಾರು ತೆಗೆಯಿಸಿಕೊಡಬೇಕು. ಅರಸೀಕೆರೆಯ ಕಛೇರಿಯಲ್ಲಿಯೂ, ಹಳೇಬೀಡನ್ನು ಒಳಗೊಂಡ ಬೇಲೂರು ತಾಲ್ಲೂಕಿನ ಕಛೇರಿಯಲ್ಲಿಯೂ ಎರಡನೆಯ ಹಲಗೆಯೊಂದನ್ನು ಮೊದಲನೆಯದರ ಪಕ್ಕದಲ್ಲಿಯೇ, ಅದೇ ಎತ್ತರಕ್ಕೆ, ತೂಗುಹಾಕಿಸಬೇಕೆಂದು ಜಿಲ್ಲಾಧಿಕಾರಿಗಳಲ್ಲಿ ನಿವೇದಿಸಿಕೊಳ್ಳುತ್ತೇವೆ. ಪೂರ್ವಿಕರು ಆ ಸಭೆಯಲ್ಲಿದ್ದರೆಂದು ತಿಳಿದಿರುವ ಮನೆತನದವರು ತಮ್ಮಲ್ಲಿ ಪಟಗಳಾಗಲಿ ಕಾಗದಪತ್ರಗಳಾಗಲಿ ಉಳಿದಿದ್ದರೆ ನಮ್ಮ ಕಾರ್ಯಾಲಯಕ್ಕೆ ತಂದು ತೋರಿಸಬಹುದು. ನಕಲು ತೆಗೆದುಕೊಂಡು ಮೂಲವನ್ನು ಅಂದೇ ಹಿಂದಿರುಗಿಸುತ್ತೇವೆ.