ಚಿತ್ರವಿದ್ದರೆ ಓದು ಹಗುರವೇ?

ಕವನ ಸಂಕಲನದ ಪಕ್ಕದಲ್ಲೇ ಚಿತ್ರಕಾದಂಬರಿ ಇಟ್ಟುಕೊಂಡು ಓದುವುದು ‘ಮಕ್ಕಳಾಟ’ ಎಂದು ಕಳೆದ ಸಂಚಿಕೆಯ ಲೇಖಕರು ಷರಾ ಬರೆದಿದ್ದಾರೆ. ಅವರು ‘ಭೀಮಾಯಣ’ವನ್ನು ತೆರೆದೇ ನೋಡಿದಂತಿಲ್ಲ. ಅಂಬೇಡ್ಕರರ ಬದುಕಿನ ಈ ಕಥನಕ್ಕೆ (2011) ಚಿತ್ರ ಬರೆದವರು ಪರ್ಧಾನ್ ಗೋಂಡ್ ಕಲಾವಿದರಾದ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್. ಇಲ್ಲಿ ಚೌಕಗಳ ಕಟ್ಟುಪಾಡಿಲ್ಲ. ಮೆದು ಮಾತುಗಳಿಗೆ ಹಕ್ಕಿಯಾಕಾರದ ಗುಳ್ಳೆ. ಜಾತಿಯ ವಿಷ ಕಕ್ಕುವ ಮಾತುಗಳಿಗೆ ಚೇಳಿನ ಕೊಂಡಿ! ಬಾಲಕ ಭೀಮನಿಗೆ ನೀರು ನಿರಾಕರಿಸುವ ಪುಟಗಳಲ್ಲಿ ನಾನು ಮುಂದೆ ಹೋಗಲಾರದೆ ಕೂತೆ. ಒಳ್ಳೆಯ ಪದ್ಯವೂ ನನ್ನನ್ನು ಹೀಗೇ ತಡೆದು ನಿಲ್ಲಿಸುತ್ತದೆ. ಆ ಲೇಖಕರ ಪ್ರಕಾರ ಇವೆಲ್ಲ ‘ಬರೀ ವೈಯಕ್ತಿಕ ಅನಿಸಿಕೆ’ಗಳಂತೆ. ಹೌದು ಸ್ವಾಮಿ, ಓದಿದ ಮೇಲೆ ಹುಟ್ಟಿದ ಅನಿಸಿಕೆ. ತಾವೂ ಮೊದಲು ಆ ಪುಸ್ತಕ ಓದಿ, ಆಮೇಲೆ ಜಗಳಕ್ಕೆ ಬನ್ನಿ.