ಮನ್ಯಾಗಿನ ಗ್ಯಾರೇಜಿಗೆ ನಮ್ಮ ಮಾತೂ ಇರ್ಲಿ

ಅಕ್ಕೋರ, ತಂಗೇರ, ನಾರಾಯಣಪುರ ಎಡದಂಡೆ ಕಾಲುವಿ ನೀರು ಬಂದ ಮ್ಯಾಲ ನಮ್ಮ ಶಹಾಪುರ, ಸುರಪುರ ಕಡಿ ಟ್ರ್ಯಾಕ್ಟರ್ ಹೆಚ್ಚಾದ್ವು. ರಿಪೇರಿ ಕಲ್ತ ಹುಡುಗ್ರು, ಬಾಡಿಗಿ ಯಾಕ ಕಟ್ಟೋದು, ಮನ್ಯಾಗೇ ಗ್ಯಾರೇಜ್ ಹಾಕ್ತೀವಿ ಅಂತಾರ. ಛಲೋನೇ ಆತು. ಆದ್ರ ನಕ್ಷಾ ಮಾಡುವಾಗ ಗಂಡಸ್ರು ಪಾನಾ ಎಲ್ಲಿ ಇಡೋದು, ಗಾಡಿ ಎಲ್ಲಿ ನಿಲ್ಸೋದು ಅಷ್ಟೇ ನೋಡ್ತಾರ. ದಿನಾ ಆ ಹೊಗಿ ಕುಡಿಯೋರು ನಾವು, ಮಕ್ಕಳು. ಅದಕ್ಕ ಪಾಯಾ ಹಾಕೋಕಿಂತ ಮೊದ್ಲೇ ನಾವೂ ಕುಂತು ಮಾತಾಡ್ಬೇಕು.

ಗ್ಯಾರೇಜಿಗೂ ಅಡಗಿಮನಿಗೂ ನಡುವ ಬಾಗಲಾ ಬ್ಯಾಡೇ ಬ್ಯಾಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರೀತದ. ಒಲಿ ತನಕ ಬಂತಂದ್ರ ಭಗ್ ಅಂತ ಹತ್ತತದ. ಹಂಗಾಗಿ ಗ್ವಾಡಿ ಬುಡದಾಗ ಕಿಂಡಿ ಇರ್ಲಿ. ಬ್ಯಾಟರಿ ಚಾರ್ಜಿಗೆ ಇಟ್ಟಾಗ ಬರೋ ಹೈಡ್ರೋಜನ್ ಹಗುರ, ಅದಕ್ಕ ಮ್ಯಾಲೂ ಕಿಂಡಿ ಬೇಕು. ಇಂಜಿನ್ ಹೊಗಿಯಾಗಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣಿಲ್ಲ, ವಾಸನಿ ಇಲ್ಲ. ಬಾಗಲಾ ಮುಚ್ಚಿ ಗಾಡಿ ಚಾಲು ಇಟ್ರ ಜೀವಾನೇ ಹೋಗ್ತದ. ರೋಡಿನ ಕಡಿ ಪೂರಾ ಬಯಲು ಬಿಡೋದು ಪಾಡ.

ನೆಲಕ್ಕ ಶಹಾಬಾದ ಪರಸಿ ಹಾಸಿದ್ರ ಸಂದಿನ್ಯಾಗ ಆಯಿಲ್ ಇಳೀತದ, ಜಾಕಿನ ಭಾರಕ್ಕ ಪರಸಿ ಬಿರೀತದ. ಕಾಂಕ್ರೀಟೇ ಹಾಕ್ಸ್ರಿ. ಹಳೀ ಆಯಿಲ್ ಡಬ್ಬಿಯಾಗ ಹಿಡಿದಿಡ್ಲಿ, ಗಟಾರಕ್ಕ, ಬೋರಿನ ಕಡಿ ಚೆಲ್ಲೋದು ಬ್ಯಾಡ. ಬಾಗಲದಾಗ ಉಸುಕಿನ ಬಕೀಟ ಇರ್ಲಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಿದ್ರ ಬೆಂಕಿ ಇನ್ನಷ್ಟು ಹರಡ್ತದ.

ವಾಸ್ತು ಕೇಳಾಕ ಐನೋರ್ನ ಕರೀತಾರಲ್ಲ, ಗಾಳಿ ಯಾವ ಕಡಿಂದ ಬೀಸ್ತದಂತ ಮನಿ ಹೆಣ್ಮಕ್ಳನ್ನೂ ಒಂದು ಮಾತು ಕೇಳ್ಲಿ. ಒಲಿ ಮುಂದ ಕುಂತವ್ರಿಗೆ ಹೊಗಿ ದಾರಿ ಗೊತ್ತಿರ್ತದ.